ಮೇಜಿನ ಕೆಳಗಿನ ಕಿವಿ



ಈ ಉಪನ್ಯಾಸದ ದತ್ತಿ ಇಟ್ಟ ಹಿರಿಯರು ಬಸ್‌ಸ್ಟ್ಯಾಂಡಿನ ಎದುರು ಮೂವತ್ತು ವರ್ಷ ರೇಡಿಯೊ, ಟೀವಿ ರಿಪೇರಿ ಮಾಡಿದವರು. ಹಣ ಕೊಡುವಾಗ ಎರಡು ಷರತ್ತು ಹಾಕಿದ್ದರಂತೆ. ವೇದಿಕೆಯ ಮೇಲೆ ತಮ್ಮ ಹೆಸರು ಹೇಳಬಾರದು. ಉಪನ್ಯಾಸ ಕೇಳಿದವರು ಮನೆಗೆ ಹೋಗಿ ಏನಾದರೊಂದು ವಸ್ತುವನ್ನು ಬಿಚ್ಚಿ ನೋಡುವಂತಿರಬೇಕು. ಮೊದಲನೆಯದನ್ನು ಪಾಲಿಸುವುದು ಸುಲಭ. ಎರಡನೆಯದಕ್ಕಾಗಿ ಸ್ವಲ್ಪ ಯೋಚಿಸಬೇಕಾಯಿತು. ಆಹ್ವಾನ ಪತ್ರಿಕೆಯಲ್ಲಿ ‘ನಿಸ್ತಂತು ಸಂವಹನದಲ್ಲಿ ಆಂಟೆನಾಗಳ ಪಾತ್ರ’ ಎಂದು ಅಚ್ಚಾಗಿದೆ. ಅದು ಸಂಘಟಕರು ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ. ನಾನು ಮಾತಾಡಲು ಬಂದಿರುವುದು ಮನೆಯ ಕಂಪ್ಯೂಟರಿನ ಬೆನ್ನಿಗೆ ಅಂಟಿಕೊಂಡಿರುವ ಎರಡು ಕರಿ ಕಡ್ಡಿಗಳ ಬಗ್ಗೆ.

ನಮ್ಮ ಮನೆ ಹಳೆಯದು. ಎರಡಡಿ ದಪ್ಪದ ಕಲ್ಲಿನ ಗೋಡೆ. ವೈಫೈ ರೌಟರ್ ಪಡಸಾಲೆಯಲ್ಲಿದೆ, ಕಂಪ್ಯೂಟರ್ ಒಳಕೋಣೆಯಲ್ಲಿ. ಮಗಳು ಅದರ ಮುಂದೆ ಕೂತು ಕೋಚಿಂಗ್ ಪಾಠ ಕೇಳುತ್ತಿದ್ದಳು. ಹತ್ತು ನಿಮಿಷಕ್ಕೊಮ್ಮೆ ಒಳಗಿನಿಂದ ಕೂಗು ಬರೋದು: “ಅಪ್ಪಾ, ಸರ್ ಮತ್ತ ಕಲ್ಲಾಗ್ಯಾರ ನೋಡು!” ಹೋಗಿ ನೋಡಿದರೆ ಮೇಷ್ಟ್ರು ಬಾಯಿ ಅರ್ಧ ತೆರೆದು, ಕೈ ಮೇಲೆತ್ತಿ, ಗುಡಿಯ ಕಂಬದ ಶಿಲ್ಪದ ಹಾಗೆ ನಿಂತಿರುತ್ತಿದ್ದರು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ನೆಟ್ ಕೊಟ್ಟವರನ್ನು ಬೈದೆ. ಹೆಚ್ಚಿನ ವೇಗದ ಪ್ಲಾನಿಗೆ ದುಡ್ಡು ಕಟ್ಟಿದೆ. ಮೇಷ್ಟ್ರು ಕಲ್ಲಾಗುವುದು ನಿಲ್ಲಲಿಲ್ಲ.

ಮಗಳೇ ಒಂದು ದಿನ ಕೇಳಿದಳು, ಮೇಜಿನ ಮೇಲಿರೋ ಮೊಬೈಲಿಗೆ ಸಿಗ್ನಲ್ಲಿನ ಮೂರು ಕಡ್ಡಿ ಬರ್ತದ, ಕೆಳಗಿರೋ ಕಂಪ್ಯೂಟರಿಗೆ ಯಾಕ ಒಂದೇ? ಎರಡರ ನಡುವೆ ಇದ್ದದ್ದು ಮೂರಡಿ ಅಂತರ. ಟಾರ್ಚು ಹಿಡಿದು ಮೇಜಿನ ಕೆಳಗೆ ನುಸುಳಿದೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಚಿನ್ನದ ಬಣ್ಣದ, ಹೊರಮೈಗೆ ಮರೆಯಿದ್ದ ಎರಡು ಗೂಟಗಳು. ಅವುಗಳ ಮೇಲೆ ಏನೂ ಇಲ್ಲ. ಕಂಪ್ಯೂಟರ್ ಬಂದ ಡಬ್ಬಿಯನ್ನು ಅಟ್ಟದಿಂದ ಇಳಿಸಿದೆವು. ಥರ್ಮಾಕೋಲಿನ ಸಂದಿಯಲ್ಲಿ, ಪ್ಲಾಸ್ಟಿಕ್ ಕವರನ್ನೂ ಹರಿಯದ ಸ್ಥಿತಿಯಲ್ಲಿ, ಎರಡು ಆಂಟೆನಾ ಮಲಗಿದ್ದವು. ಜೋಡಿಸಿಕೊಟ್ಟವನೂ ಹಾಕಿರಲಿಲ್ಲ, ಮೂರು ದಶಕ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದ ನಾನೂ ನೋಡಿರಲಿಲ್ಲ. ಆಂಟೆನಾ ಇಲ್ಲದೆಯೂ ಒಂದು ಕಡ್ಡಿ ಬರುತ್ತಿತ್ತಲ್ಲ, ಅದು ಆ ಬೋಳು ಗೂಟ ಹಿಡಿದುಕೊಟ್ಟದ್ದು. ಹಾಗೆ ಚೂರುಪಾರು ಬರುತ್ತಿದ್ದುದೇ ಅನರ್ಥವಾಯಿತು. ಪೂರ್ತಿ ಬರದಿದ್ದರೆ ಮೊದಲ ದಿನವೇ ಹಿಂದೆ ಬಗ್ಗಿ ನೋಡುತ್ತಿದ್ದೆ.

ಇಲ್ಲಿ ಲೆಕ್ಕದ ಮಾತು ಸ್ವಲ್ಪ ಬೇಕು. ನನ್ನ ಯಂತ್ರದಲ್ಲಿ ಲಿನಕ್ಸ್ ಇರುವುದರಿಂದ ಸಿಗ್ನಲ್ಲನ್ನು ಅದು ಡಿಬಿಎಂ ಎಂಬ, ಡೆಸಿಬೆಲ್ ಲೆಕ್ಕದ ಅಳತೆಯಲ್ಲಿ ತೋರಿಸುತ್ತದೆ. ಒಂದು ಮಿಲಿವ್ಯಾಟಿಗೆ ಸೊನ್ನೆ. ಅಲ್ಲಿಂದ ಕೆಳಗೆ ಹತ್ತು ಹತ್ತು ಇಳಿದ ಹಾಗೆಲ್ಲ ಶಕ್ತಿ ಹತ್ತನೆಯ ಒಂದು ಪಾಲಾಗುತ್ತ ಹೋಗುತ್ತದೆ. ಋಣ 70 ಎಂದರೆ ಮಿಲಿವ್ಯಾಟಿನ ಕೋಟಿಯ ಒಂದು ಪಾಲು. ಇಂಗ್ಲಿಷಿನವರು ಇದನ್ನು ಹೇಳಲು ‘ಹತ್ತು ಮಿಲಿಯನ್’ ಎಂದು ಎರಡು ಪದ ಬಳಸಬೇಕು, ನಮಗೆ ಕೋಟಿ ಕೈಯಲ್ಲೇ ಇದೆ. ಬೋಳು ಗೂಟದಲ್ಲಿ ನಾನು ಕಂಡದ್ದು ಋಣ 84. ಡಬ್ಬಿಯ ಆಂಟೆನಾ ತಿರುಗಿಸಿದ ಮೇಲೆ ಋಣ 74. ಹತ್ತು ಪಟ್ಟು ಹೆಚ್ಚಾಯಿತು. ಆದರೂ ಮೇಷ್ಟ್ರು ಆಗೀಗ ಕಲ್ಲಾಗುತ್ತಿದ್ದರು. ವೀಡಿಯೊ ಪಾಠ ತಡೆಯಿಲ್ಲದೆ ನಡೆಯಲು ಋಣ 67ರ ಆಸುಪಾಸು ಇರಬೇಕು ಎನ್ನುವುದು ಈ ಕೆಲಸ ಮಾಡುವವರ ರೂಢಿಯ ಲೆಕ್ಕ.

ಹತ್ತು ಪಟ್ಟು ಹೆಚ್ಚಾದರೂ ಮೊಬೈಲಿನಷ್ಟು ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ಹೇಳಲು ನಾನು ಐವತ್ತು ವರ್ಷ ಹಿಂದಕ್ಕೆ ಹೋಗುತ್ತೇನೆ. ಈ ಭಾಗದ ನನ್ನ ವಯಸ್ಸಿನವರಿಗೆ ನೆನಪಿರಬಹುದು.

1975ರ ಆಗಸ್ಟ್ 1ರಿಂದ ಮುಂದಿನ ವರ್ಷದ ಜುಲೈ 31ರವರೆಗೆ ಇಸ್ರೊ ಮತ್ತು ಅಮೆರಿಕದ ನಾಸಾ ಸೇರಿ ಸೈಟ್ ಎಂಬ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟೀವಿ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ನಮ್ಮ ಹಳ್ಳಿಗಳಿಗೆ ಟೀವಿ ಬಂದಿತ್ತು. ಈ ಒಂದು ವಿಷಯದಲ್ಲಿ ಹಿಂದುಳಿದ ಪ್ರದೇಶವೆಂಬ ಹಣೆಪಟ್ಟಿ ನಮಗೆ ಲಾಭ ತಂದಿತು. ಎಟಿಎಸ್-6 ಎಂಬ ಉಪಗ್ರಹ ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ನಮ್ಮ ಕಡೆ ನೋಡುತ್ತಿತ್ತು. ಕತ್ತಲಾದ ಮೇಲೆ ಶಾಲೆಯ ಮುಂದೆ ಊರೇ ನೆರೆಯೋದು. ನನಗೆ ಪರದೆಯ ಮೇಲೆ ಕಂಡದ್ದಕ್ಕಿಂತ ನೆನಪಿರುವುದು ಮಾಳಿಗೆಯ ಮೇಲಿದ್ದ ಆಂಟೆನಾ. ಹತ್ತಡಿ ಅಗಲದ ಬೋಗುಣಿ, ಮುಖ ಪಡುವಣಕ್ಕೆ. ಅದನ್ನು ಮಾಡಿದ್ದು ತಗಡಿನಿಂದಲ್ಲ, ಕೋಳಿಗೂಡಿಗೆ ಹಾಕುತ್ತಾರಲ್ಲ, ಆ ತಂತಿ ಬಲೆಯಿಂದ. ನಮ್ಮಜ್ಜಿ ಅದನ್ನು ನೋಡಿ ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ: “ಇಷ್ಟ್ ತೂತ್ ಅದಾವಲ್ಲೋ, ಬಂದದ್ದೆಲ್ಲ ಸೋರಿ ಹೋಗೂದಿಲ್ಲೇನು?”

ಆಗ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಉತ್ತರ ಇಷ್ಟೆ. ಆ ಅಲೆ 860 ಮೆಗಾಹರ್ಟ್ಸಿನದು. ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಒಂದು ಮೊಳಕ್ಕೆ ತುಸು ಕಡಿಮೆ. ಬೆರಳು ತೂರುವಷ್ಟೇ ಇರುವ ತೂತು ಮೊಳದುದ್ದದ ಅಲೆಯ ಲೆಕ್ಕಕ್ಕೆ ತೂತೇ ಅಲ್ಲ. ಅದಕ್ಕೆ ಬಲೆಯೂ ಒಂದೇ, ತಗಡೂ ಒಂದೇ. ಬಲೆಯಾದರೆ ಹಗುರ, ಅಗ್ಗ, ಗಾಳಿಗೆ ಹಾರುವುದಿಲ್ಲ. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಅಮೆರಿಕದವರು ವಾಪಸು ಸರಿಸಿಕೊಂಡರು. ನಮ್ಮೂರಿನ ಬಲೆ ಕೆಲವು ದಿನ ಆಕಾಶ ನೋಡುತ್ತಿದ್ದು, ಆಮೇಲೆ ಕೋಳಿಗಳ ಪಾಲಿಗೇ ಹೋಯಿತು.

ಈಗ ಕಂಪ್ಯೂಟರಿನ ಹಿಂಬದಿ ನೋಡಿ. ಗಾಳಿಯಾಡಲೆಂದು ತೂತು ಹೊಡೆದ ಉಕ್ಕಿನ ತಗಡು. ವೈಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ. 2.4 ಗಿಗಾಹರ್ಟ್ಸಿನ ಅಲೆ ಹನ್ನೆರಡೂವರೆ ಸೆಂಟಿಮೀಟರ್ ಉದ್ದ, 5 ಗಿಗಾಹರ್ಟ್ಸಿನದು ಅದರ ಅರ್ಧಕ್ಕಿಂತ ಕಡಿಮೆ. ಕ್ಯಾಬಿನೆಟ್ಟಿನ ಸಾಸಿವೆ, ಕಡಲೆ ಗಾತ್ರದ ತೂತುಗಳಲ್ಲಿ ಇವೆರಡೂ ನುಸುಳಲಾರವು. ಅಂದರೆ ಡಬ್ಬಿಯಲ್ಲಿ ಬಂದ ಆಂಟೆನಾವನ್ನು ಹಿಂದುಗಡೆ ತಿರುಗಿಸಿದಾಗ ನಾವು ಮಾಡುವುದೇನು? ಒಂದು ಕಡೆ ಉಕ್ಕಿನ ಪೆಟ್ಟಿಗೆ, ಇನ್ನೊಂದು ಕಡೆ ಎರಡಡಿ ಕಲ್ಲಿನ ಗೋಡೆ, ಮೇಲೆ ಮೇಜಿನ ಹಲಗೆ, ಸುತ್ತ ಹಾವಿನ ಹುತ್ತದಂತೆ ವೈರುಗಳು. ಇದರ ನಡುವೆ ಅದನ್ನು ಕೂರಿಸಿ, ಪಡಸಾಲೆಯ ಮಾತು ಕೇಳು ಎನ್ನುತ್ತೇವೆ. ಅಲ್ಲದೆ ಲೋಹಕ್ಕೆ ಅಂಟಿ ನಿಂತ ಆಂಟೆನಾದ ಶ್ರುತಿಯೇ ಕದಲುತ್ತದೆ. ತಂಬೂರಿಯ ತಂತಿಗೆ ಬೆರಳು ತಾಗಿಸಿಟ್ಟ ಹಾಗೆ.

ಮೊಬೈಲ್ ಗೆದ್ದದ್ದು ಅದರ ಆಂಟೆನಾ ದೊಡ್ಡದೆಂದಲ್ಲ. ಅದರ ಆಂಟೆನಾ ಇನ್ನೂ ಬಡಪಾಯಿ. ಅದು ಮೇಜಿನ ಮೇಲಿತ್ತು, ಅಷ್ಟೆ. ಆಂಟೆನಾ ಬದಲಿಸಬೇಕೆ ಎಂದು ನನ್ನನ್ನು ಕೇಳುವ ಹುಡುಗರಿಗೆಲ್ಲ ಹೇಳುವ ಮಾತೂ ಇದೇ: ಮೊದಲು ಅದರ ಜಾಗ ಬದಲಿಸಿ.

ಜಾಗ ಬದಲಿಸಲು ಅಯಸ್ಕಾಂತದ ಪೀಠವಿರುವ, ಒಂದು ಮೀಟರ್ ಕೇಬಲ್ಲಿನ ಜೋಡಿ ಆಂಟೆನಾ ಸಿಗುತ್ತವೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕೊಂಡೆ. ಅಂಗಡಿಯವನು “ಎಲ್ಲಾದಕ್ಕೂ ಕೂತ್ಕೊಳ್ಳುತ್ತೆ ಸಾರ್” ಎಂದ. ಕೂತುಕೊಂಡಿತು. ಮರೆಗೆ ಮರೆ ಸೇರಿ ಗಟ್ಟಿಯಾಗಿ, ಚೆಂದವಾಗಿ ಕೂತಿತು. ಅಳತೆ ನೋಡಿದರೆ ಋಣ 83! ಅಟ್ಟದ ಡಬ್ಬಿಯಲ್ಲಿ ಆಂಟೆನಾ ಮಲಗಿದ್ದ ಕಾಲಕ್ಕೆ ವಾಪಸು ಬಂದಿದ್ದೆ. ಅರ್ಧ ದಿನ ಕಾರ್ಡನ್ನು ಅನುಮಾನಿಸಿ, ಸಂಜೆ ಭೂತಗನ್ನಡಿ ಹಿಡಿದು ಕನೆಕ್ಟರಿನ ಬಾಯೊಳಗೆ ನೋಡಿದೆ. ಕಂಪ್ಯೂಟರಿನ ಗೂಟದ ನಡುವೆ ಸೂಜಿಯಂಥ ಮೊನೆ ಇತ್ತು. ಆಂಟೆನಾದ ಬಾಯಲ್ಲೂ ಮೊನೆಯೇ ಇತ್ತು. ಎರಡು ಸೂಜಿಗಳು ಮುಖಾಮುಖಿ. ಸೂಜಿಯನ್ನು ಒಳಗೆ ತಗೊಳ್ಳುವ ತೂತು ಯಾವ ಕಡೆಯೂ ಇಲ್ಲ. ಇನ್ನೊಂದು ಸುತ್ತು ಬಿಗಿ ಮಾಡಿದ್ದರೆ ಮೊನೆ ಮುರಿದೇ ಹೋಗುತ್ತಿತ್ತು.

ಎಸ್‌ಎಂಎ ಎಂಬುದು ಸಾಮಾನ್ಯ ಕನೆಕ್ಟರ್. ವೈಫೈ ಗೂಟ ಅದರ ತಿರುವುಮುರುವು, ಆರ್‌ಪಿ-ಎಸ್‌ಎಂಎ: ಹೊರಗಿನ ಮರೆ ಹಾಗೆಯೇ, ಒಳಗಿನ ಗಂಡು ಹೆಣ್ಣು ಮಾತ್ರ ಅದಲು ಬದಲು. ಯಾಕೆ ಹೀಗೆ ಮಾಡಿದರು ಎಂಬುದು ಸ್ವಾರಸ್ಯವಾಗಿದೆ. ಅಮೆರಿಕದ ಸಂವಹನ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ ನಿಯಮಗಳ 15.203ನೆಯ ಕಲಮು, ಪರವಾನಗಿ ಬೇಡದ ಇಂಥ ಸಾಧನಗಳಿಗೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಕನೆಕ್ಟರ್ ಇಡಬಾರದು ಎನ್ನುತ್ತದೆ. ಜನ ತಮಗೆ ಬೇಕಾದ ದೊಡ್ಡ ಆಂಟೆನಾ ಸಿಕ್ಕಿಸಿ ಪಕ್ಕದವರಿಗೆ ತೊಂದರೆ ಕೊಡದಿರಲಿ ಎಂದು. ತಯಾರಕರು ಸಾಮಾನ್ಯ ಕನೆಕ್ಟರನ್ನೇ ಒಳಗೆ ತಿರುವಿ, ಇದು ಬೇರೆ ಜಾತಿ ಎಂದರು. ಹತ್ತಾರು ಕಾರ್ಖಾನೆಗಳು ಅದನ್ನೇ ರಾಶಿಗಟ್ಟಲೆ ಮಾಡತೊಡಗಿದವು. ಆಂಟೆನಾ ಬದಲಿಸದಂತೆ ತಡೆಯಲು ಹುಟ್ಟಿದ ಬೀಗ ಇವತ್ತು ಆಂಟೆನಾ ಬದಲಿಸುವವರ ಮಾಮೂಲಿ ಸರಕು. ನನ್ನಂಥ ಅವಸರದವರನ್ನು ಬಿಟ್ಟು ಇನ್ನಾರನ್ನೂ ಅದು ತಡೆದ ಹಾಗಿಲ್ಲ. ಕೊಳ್ಳುವಾಗ ಬಾಯೊಳಗೆ ನೋಡಿ. ಎತ್ತು ಕೊಳ್ಳುವವರು ಹಲ್ಲು ನೋಡುವುದಿಲ್ಲವೇ?

ಸರಿಯಾದ ಜೋಡಿ ಬಂತು. ಮೇಜಿನ ಮೇಲೆ, ಮಾನಿಟರಿನ ಪಕ್ಕ ಇಟ್ಟೆ. ಋಣ 61. ಹದಿಮೂರು ಡೆಸಿಬೆಲ್ ಏರಿಕೆ, ಇಪ್ಪತ್ತು ಪಟ್ಟು. ಕೇಬಲ್ ತಾನೂ ಸ್ವಲ್ಪ ತಿಂದೇ ಕೊಡುತ್ತದೆ ಎಂಬುದು ಇಲ್ಲಿ ಗೊತ್ತಿರಬೇಕು. ಇಂಥ ಪೀಠಗಳಿಗೆ ಬರುವ ಹುರಿಯಷ್ಟು ಸಣ್ಣ ಆರ್‌ಜಿ-174 ಕೇಬಲ್ 2.4 ಗಿಗಾಹರ್ಟ್ಸಿನಲ್ಲಿ ಮೀಟರಿಗೆ ಎರಡು ಡೆಸಿಬೆಲ್ಲಿನಷ್ಟು ನುಂಗುತ್ತದೆ. ಮೂರು ಡೆಸಿಬೆಲ್ ಹೋದರೆ ಅರ್ಧ ಹೋಯಿತೆಂದೇ ಲೆಕ್ಕ. ಐದು ಮೀಟರ್ ಎಳೆದು ಆಂಟೆನಾವನ್ನು ಮಾಳಿಗೆಗೆ ಒಯ್ದರೆ ಹತ್ತರಲ್ಲಿ ಒಂಬತ್ತು ಪಾಲು ದಾರಿಯಲ್ಲೇ ಖರ್ಚು, 5 ಗಿಗಾಹರ್ಟ್ಸಿನಲ್ಲಿ ಇನ್ನೂ ಹೆಚ್ಚು. ನಮ್ಮ ಕಾಲುವೆಯ ಕೊನೆಯ ರೈತರಿಗೆ ಈ ಗಣಿತವನ್ನು ವಿವರಿಸಬೇಕಿಲ್ಲ. ಬೆರಳು ದಪ್ಪದ ಒಳ್ಳೆಯ ಕೇಬಲ್ ಮೀಟರಿಗೆ ಡೆಸಿಬೆಲ್ಲಿನ ಕಾಲು ಭಾಗವನ್ನೂ ತಿನ್ನುವುದಿಲ್ಲ. ಆದರೆ ಅದು ಬಗ್ಗುವುದಿಲ್ಲ, ಅದರ ತೂಕಕ್ಕೆ ಕಾರ್ಡಿನ ಗೂಟವೇ ಕಿತ್ತು ಬಂದೀತು. ದೂರ ಒಯ್ಯಲೇಬೇಕೆಂದರೆ ಯುಎಸ್‌ಬಿ ವೈಫೈ ಅಡಾಪ್ಟರನ್ನೇ ಯುಎಸ್‌ಬಿ ಎಕ್ಸ್‌ಟೆನ್ಷನ್ನಿನ ತುದಿಗೆ ಸಿಕ್ಕಿಸಿ ಒಯ್ಯುವುದು ಜಾಣತನ. ಆ ಕೇಬಲ್ಲಿನಲ್ಲಿ ಹರಿಯುವುದು ಅಂಕಿಗಳು. ಎರಡು ಮೂರು ಮೀಟರಿಗೆ ಅವು ಸೊರಗುವುದಿಲ್ಲ.

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ. “ಸರ, ದೊಡ್ಡ ಆಂಟೆನಾ ಹಾಕಿದ್ರ ಪವರ್ ಹೆಚ್ಚಾಗ್ತದಲ್ಲ?” ಆಗುವುದಿಲ್ಲ. ಆಂಟೆನಾಕ್ಕೆ ಕರೆಂಟಿಲ್ಲ, ಬ್ಯಾಟರಿಯಿಲ್ಲ. ಇಲ್ಲದ ಶಕ್ತಿಯನ್ನು ಅದು ಎಲ್ಲಿಂದ ತರಬೇಕು? ರೊಟ್ಟಿ ಬಡಿಯುವುದನ್ನು ನೆನೆಸಿಕೊಳ್ಳಿ. ಕೊಣಮಿಗೆಯಲ್ಲಿ ನಾದಿದ ಜೋಳದ ಹಿಟ್ಟಿನ ಒಂದು ಉಂಡೆ. ಅದನ್ನು ಎಷ್ಟೇ ಬಡಿಯಿರಿ, ಹಿಟ್ಟು ಹೆಚ್ಚುವುದಿಲ್ಲ. ಅಗಲ ಹೆಚ್ಚುತ್ತದೆ, ದಪ್ಪ ಕಡಿಮೆಯಾಗುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಒಂದು ಆಂಟೆನಾವನ್ನು ಕಲ್ಪಿಸಿಕೊಂಡರೆ ಅದು ಉಂಡೆ. ಅಂಥದು ನಿಜದಲ್ಲಿ ಇಲ್ಲ, ಹೋಲಿಕೆಗೆ ಮಾತ್ರ ಇದೆ; ಡಿಬಿಐ ಎಂಬ ಅಳತೆ ಶುರುವಾಗುವುದು ಅಲ್ಲಿಂದ. ನಿಮ್ಮ ಕರಿ ಕಡ್ಡಿಯೊಳಗಿರುವ ಮಾಮೂಲಿ ಡೈಪೋಲ್ ಸ್ವಲ್ಪ ತಟ್ಟಿದ ಹಿಟ್ಟು, 2.15 ಡಿಬಿಐ. ಐದು ಡಿಬಿಐನದು ಇನ್ನಷ್ಟು ಬಡಿದದ್ದು. ಒಂಬತ್ತರದು ತೆಳ್ಳಗೆ ಹರಡಿದ ಖಡಕ್ ರೊಟ್ಟಿ. ರೌಟರ್ ಅದೇ ಅಂತಸ್ತಿನಲ್ಲಿ, ದೂರದ ಕೋಣೆಯಲ್ಲಿದ್ದರೆ ಖಡಕ್ ರೊಟ್ಟಿಯಿಂದ ಲಾಭ. ಮಹಡಿಯ ಮೇಲಿದ್ದರೆ ನಷ್ಟ. ರೊಟ್ಟಿಯ ದಪ್ಪ ಮಹಡಿಯವರೆಗೆ ಮುಟ್ಟುವುದಿಲ್ಲ. ಆಗ ಆಂಟೆನಾವನ್ನು ಮಲಗಿಸಿ ನೋಡಬೇಕು, ಇಲ್ಲವೇ ಎರಡು ಡಿಬಿಐನ ಚಿಕ್ಕದನ್ನೇ ಉಳಿಸಿಕೊಳ್ಳಬೇಕು. ಎರಡರ ಜಾಗದಲ್ಲಿ ಐದರದನ್ನು ಹಾಕಿದರೆ ಸಿಗುವುದು ಮೂರು ಡೆಸಿಬೆಲ್. ಬಯಲಿನಲ್ಲಿ ಅದು ದೂರವನ್ನು ಒಂದಕ್ಕೆ ಒಂದೂ ಕಾಲು, ಒಂದೂವರೆಯ ನಡುವೆ ಎಲ್ಲೋ ಹೆಚ್ಚಿಸುತ್ತದೆ. ಮೇಜಿನ ಕೆಳಗಿಂದ ಮೇಲಕ್ಕೆ ತಂದದ್ದಕ್ಕೆ ನನಗೆ ಸಿಕ್ಕದ್ದು ಹದಿಮೂರು, ಅದೂ ಕೇಬಲ್ಲಿನ ಸುಂಕ ಕಳೆದು.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ದೊಡ್ಡದನ್ನು ತರಿಸಿದೆ. ಮನುಷ್ಯನ ಆಸೆ. ಮೊಳಕ್ಕೆ ತುಸು ಕಡಿಮೆ ಉದ್ದ, ಮೇಲೆ ಬಿಳಿ ಅಕ್ಷರದಲ್ಲಿ 18 ಡಿಬಿಐ ಎಂದು ಅಚ್ಚು. ಹಾಕಿ ನೋಡಿದರೆ ಋಣ 63. ಚಿಕ್ಕದಕ್ಕಿಂತ ಎರಡು ಕಡಿಮೆ. ದತ್ತಿಯ ಷರತ್ತಿನ ಪ್ರಕಾರ ಬಿಚ್ಚಿದೆ. ಬುಡದಲ್ಲಿ ಬ್ಲೇಡು ಆಡಿಸಿ ರಬ್ಬರಿನ ಕವಚ ಎಳೆದಾಗ ಒಳಗೆ ಸಣ್ಣ ಕೇಬಲ್, ಅದರ ಹೆಣಿಗೆಗೆ ಬೆಸೆದ ಹಿತ್ತಾಳೆಯ ಒಂದು ಕೊಳವೆ, ಕೊಳವೆಯ ಬಾಯಿಂದ ಮೇಲಕ್ಕೆ ಹೊರಟ ಒಂದಿಷ್ಟು ತಂತಿ. ಸ್ಕೇಲು ಹಿಡಿದೆ: ಮೂರು ಸೆಂಟಿಮೀಟರ್. ಅಲ್ಲಿಂದ ತುದಿಯವರೆಗೆ ಬರೀ ಪೊಳ್ಳು. ಗಾಳಿಗೆ ದುಡ್ಡು ಕೊಟ್ಟಿದ್ದೆ. ಆದರೆ ಆ ಮೂರು ಸೆಂಟಿಮೀಟರ್ ಮಾತ್ರ ಸುಳ್ಳಲ್ಲ. ಹನ್ನೆರಡೂವರೆಯ ಕಾಲು ಭಾಗ ಅದು. ಮೇಲಿನ ತಂತಿ ಕಾಲು ಅಲೆ, ಕೆಳಗಿನ ಕೊಳವೆ ಕಾಲು ಅಲೆ, ಸೇರಿ ಅರ್ಧ ಅಲೆಯ ಡೈಪೋಲ್. 1887-88ರಲ್ಲಿ ಕಾರ್ಲ್ಸ್‌ರೂಯ ಎಂಬ ಜರ್ಮನ್ ಊರಿನಲ್ಲಿ ಹೈನ್‌ರಿಕ್ ಹರ್ಟ್ಸ್ ಕಿಡಿ ಹಾರಿಸಿ ಮೊದಲ ಸಲ ರೇಡಿಯೊ ಅಲೆಗಳನ್ನು ಹುಟ್ಟಿಸಿ, ಹಿಡಿದು ತೋರಿಸಿದಾಗ ಬಳಸಿದ್ದೂ ಇದರ ಪೂರ್ವಜನನ್ನೇ. ನಮ್ಮ ಗೌರಿಬಿದನೂರಿನ ಬಯಲಿನಲ್ಲಿ ಇಂಥವೇ 1000 ಡೈಪೋಲುಗಳು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಕಿಲೋಮೀಟರಿಗೂ ಉದ್ದಕ್ಕೆ ನಿಂತವು, ಆಕಾಶದಿಂದ ಬರುವ 34.5 ಮೆಗಾಹರ್ಟ್ಸಿನ ಅಲೆಗಳನ್ನು ಕೇಳಲು. ಆ ಅಲೆ ಒಂದೊಂದೂ ಎಂಟೂವರೆ ಮೀಟರಿಗೂ ಉದ್ದ. ಅಲೆಗೆ ತಕ್ಕ ಅಳತೆ, ಬಟ್ಟೆಗೆ ತಕ್ಕ ಹಾಗೆ ಕತ್ತರಿ, ವಂಶ ಒಂದೇ.

ನಿಜವಾಗಿ ಎಂಟೊಂಬತ್ತು ಡಿಬಿಐ ಕೊಡುವ ಕಡ್ಡಿ 2.4 ಗಿಗಾಹರ್ಟ್ಸಿಗೆ ಮೊಳದಷ್ಟು ಉದ್ದ ಇರಲೇಬೇಕು, ಒಳಗೆ ಡೈಪೋಲುಗಳು ಒಂದರ ಮೇಲೊಂದು ಪೇರಿಸಿರಬೇಕು. ಹನ್ನೆರಡು ಬೇಕೆಂದರೆ ಉದ್ದ ಮೀಟರು ದಾಟುತ್ತದೆ. ಮೊಳವೂ ಇಲ್ಲದ ಕಡ್ಡಿಗೆ ಹದಿನೆಂಟು ಎಂದು ಬರೆದವನಿಗೆ ಭೌತಶಾಸ್ತ್ರದ ಭಯವೇ ಇಲ್ಲ.

ಈ ಲೆಕ್ಕಗಳನ್ನು ಕಲಿಸಿದ ಒಬ್ಬ ಕನ್ನಡತಿಯ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಸಿ.ವಿ. ರಾಮನ್ ಬಳಿ ಸಂಶೋಧನೆಗೆ ಸೇರಲು ಹೋದಾಗ, ಭೌತಶಾಸ್ತ್ರದ ಪದವಿ ಇಲ್ಲವೆಂದು ಅವರು ಸೇರಿಸಿಕೊಳ್ಳಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಸೇರಿದರು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಅಲ್ಲಿ ಮೈಕ್ರೋವೇವ್ ಸಂಶೋಧನೆ ಕಟ್ಟಿದರು, ಆಂಟೆನಾಗಳ ಬಗ್ಗೆ ಪುಸ್ತಕ ಬರೆದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ. 2010ರಲ್ಲಿ ತೀರಿಕೊಂಡರು. ವೈಫೈ ಅಲೆಯೂ ಮೈಕ್ರೋವೇವೇ. ನಮ್ಮ ಕಾಲೇಜುಗಳ ಗೋಡೆಯ ಮೇಲೆ ರಾಮನ್ ಪಟ ಇದೆ, ಇರಬೇಕು. ಪಕ್ಕದಲ್ಲಿ ಇನ್ನೊಂದು ಮೊಳೆಗೆ ಜಾಗವಿದೆ.

ಇನ್ನು ಎರಡು ಆಂಟೆನಾ ಯಾಕೆ ಎಂಬ ಪ್ರಶ್ನೆ. ಒಂದು ಕಳೆದುಹೋದರೆ ಇನ್ನೊಂದು ಇರಲಿ ಎಂದು ಕೊಟ್ಟದ್ದಲ್ಲ, ಎರಡನ್ನೂ ಹಾಕಬೇಕು. ಮನೆಯೊಳಗೆ ಅಲೆ ನೆಟ್ಟಗೆ ಬರುವುದಿಲ್ಲ. ಗೋಡೆಗೆ, ಕಬ್ಬಿಣದ ಬೀರುವಿಗೆ, ಕನ್ನಡಿಗೆ ಬಡಿದು ಹಲವು ದಾರಿಗಳಲ್ಲಿ ಬರುತ್ತದೆ. ಒಂದು ದಾರಿಯ ಉಬ್ಬು ಇನ್ನೊಂದು ದಾರಿಯ ತಗ್ಗಿನ ಮೇಲೆ ಬಿದ್ದ ಕಡೆ ಎರಡೂ ಸತ್ತು, ಸಿಗ್ನಲ್ ಹೊಂಡ ಬೀಳುತ್ತದೆ. ಅಲ್ಲಿಂದ ನಾಲ್ಕು ಬೆರಳು ಸರಿದರೆ ಮತ್ತೆ ದಿಬ್ಬ. ಒಂದು ಆಂಟೆನಾ ಹೊಂಡದಲ್ಲಿದ್ದರೆ ಇನ್ನೊಂದು ದಿಬ್ಬದಲ್ಲಿರಲಿ ಎನ್ನುವುದು ಮೊದಲ ಉಪಾಯ. ಆರೋಗ್ಯಸ್ವಾಮಿ ಪಾಲ್‌ರಾಜ್ ಅದಕ್ಕಿಂತ ಮುಂದೆ ಯೋಚಿಸಿದರು. ದಾರಿಗಳು ಹಲವಿದ್ದರೆ ದಾರಿಗೊಂದು ಹೊರೆ ಯಾಕೆ ಕಳಿಸಬಾರದು? ಹಲವು ಆಂಟೆನಾಗಳಿಂದ ಒಂದೇ ಪಟ್ಟಿಯಲ್ಲಿ ಬೇರೆ ಬೇರೆ ಮಾಹಿತಿ ಕಳಿಸಿ, ಆ ತುದಿಯಲ್ಲಿ ಗಣಿತದಿಂದ ಬಿಡಿಸಿಕೊಳ್ಳುವ ಮೈಮೊ ವಿಧಾನದ ಮೂಲ ಪೇಟೆಂಟ್ 1994ರಲ್ಲಿ ಅವರಿಗೂ ಸ್ಟ್ಯಾನ್‌ಫರ್ಡಿನ ಥಾಮಸ್ ಕೈಲಾತ್ ಅವರಿಗೂ ಸಿಕ್ಕಿತು. ಪಾಲ್‌ರಾಜ್ ಭಾರತದ ನೌಕಾಪಡೆಯಲ್ಲಿದ್ದವರು. ಅಮೆರಿಕಕ್ಕೆ ಹೋಗಿ ನೆಲೆಸುವ ಮೊದಲು ಬೆಂಗಳೂರಿನಲ್ಲಿ ರಕ್ಷಣಾ ಸಂಶೋಧನೆಯ ಪ್ರಯೋಗಾಲಯ ಕಟ್ಟಿದವರು. ರೇಡಿಯೊ ಎಂಜಿನಿಯರುಗಳು ನೂರು ವರ್ಷ ಶಪಿಸಿದ ಪ್ರತಿಫಲನವನ್ನೇ ಅವರು ದುಡಿಸಿಕೊಂಡರು. ಆದ್ದರಿಂದ ಎರಡು ಕಡ್ಡಿಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಬೇಡಿ. ನಾಲ್ಕಾರು ಬೆರಳು ಬಿಟ್ಟು ಒಂದನ್ನು ನೆಟ್ಟಗೆ, ಇನ್ನೊಂದನ್ನು ಓರೆಯಾಗಿ ಇಡಿ. ಮನೆಯಲ್ಲಿ ಯಾರಾದರೂ ಎರಡನ್ನೂ ಊದುಬತ್ತಿಯ ಹಾಗೆ ನೇರ ಮಾಡಿ ಹೋಗುತ್ತಾರೆ, ಅದಕ್ಕೆ ನನ್ನ ಬಳಿ ಪರಿಹಾರವಿಲ್ಲ.

ಕ್ಯಾಬಿನೆಟ್ ಒಳಗೆ ಕೈ ಹಾಕುವ ಹುಡುಗರಿಗೆ ಎರಡು ಮಾತು. ಗೂಟದಿಂದ ಒಳಗಿನ ವೈಫೈ ಕಾರ್ಡಿಗೆ ಹೋಗುವ ಸಣ್ಣ ತಂತಿಯ ತುದಿಯಲ್ಲಿ ರವಿಕೆಯ ಟಿಚ್ ಬಟನ್ನಿನಂಥ, ಅದಕ್ಕಿಂತ ಎಷ್ಟೋ ಚಿಕ್ಕ ಕನೆಕ್ಟರ್ ಇರುತ್ತದೆ. ಯು.ಎಫ್‌ಎಲ್ ಎಂಬ ಆ ಜಾತಿಯದಕ್ಕೆ ತಯಾರಕರು ಕೊಡುವ ಆಯುಸ್ಸು ಸುಮಾರು ಮೂವತ್ತು ಸಲ ಹಾಕಿ ತೆಗೆಯುವಷ್ಟು. ನೇರ ಮೇಲಿಂದ ಒತ್ತಬೇಕು, ‘ಟಕ್’ ಎನ್ನಬೇಕು. ಪಕ್ಕಕ್ಕೆ ಎಳೆದರೆ ಬಟನ್ನಿನ ಜೊತೆ ಕಾರ್ಡಿನ ತುಣುಕೂ ಬರುತ್ತದೆ. ಹೊರಗಿನ ಆಂಟೆನಾವನ್ನು ಬೆರಳಿನಿಂದ ಬಿಗಿ ಮಾಡಿದರೆ ಸಾಕು, ಇಕ್ಕಳ ಬೇಡ.

ಕೆಲವು ಸಲ ಜಾಗ ಸರಿಯಿದ್ದೂ, ಆಂಟೆನಾ ಸರಿಯಿದ್ದೂ 2.4 ಗಿಗಾಹರ್ಟ್ಸಿನಲ್ಲಿ ಮಾತ್ರ ತೊಂದರೆ ಕಾಣುತ್ತದೆ. ಆಗ ನೀಲಿ ನಾಲಗೆಯ ಯುಎಸ್‌ಬಿ 3 ಕಿಂಡಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದೀರಾ ನೋಡಿ. ಯುಎಸ್‌ಬಿ 3ರ ಓಟದಿಂದ ಹೊರಬೀಳುವ ಗದ್ದಲ 2.4 ಗಿಗಾಹರ್ಟ್ಸಿನ ಪಟ್ಟಿಯನ್ನೂ ಆವರಿಸುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿತ್ತು. ಆಂಟೆನಾವನ್ನು ಆ ಕಿಂಡಿಯಿಂದ ದೂರ ಇಡಿ, ಇಲ್ಲವೇ 5 ಗಿಗಾಹರ್ಟ್ಸಿಗೆ ಹೋಗಿ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ ಬೀದಿಯ ಗದ್ದಲಗಾರ. 5 ಗಿಗಾಹರ್ಟ್ಸ್ ಒಳ್ಳೆಯ, ಖಾಲಿ ಬೀದಿ, ಆದರೆ ನಮ್ಮ ಕಲ್ಲಿನ ಗೋಡೆ ದಾಟುವುದರಲ್ಲಿ ಅದು 2.4ಕ್ಕಿಂತ ಅಳ್ಳೆದೆಯದು.

ಕಾನೂನಿನ ವಿಷಯ ಒಂದೇ ವಾಕ್ಯದಲ್ಲಿ: ನಮ್ಮ ದೇಶದಲ್ಲಿ 2005ರಿಂದ 2.4 ಗಿಗಾಹರ್ಟ್ಸ್ ಪಟ್ಟಿಗೆ ಪರವಾನಗಿ ಬೇಡ, ಆದರೆ ಆಂಟೆನಾದ ಗಳಿಕೆಯನ್ನೂ ಸೇರಿಸಿ ಹೊರಸೂಸುವುದು 4 ವ್ಯಾಟ್ ಮೀರಬಾರದು. ಮನೆಯ ಕಂಪ್ಯೂಟರಿಗೆ ಈ ಗೆರೆ ಬಹಳ ದೂರದಲ್ಲಿದೆ.

ಆಂಟೆನಾದಿಂದ ಆಗದ್ದೂ ಇದೆ, ಅದನ್ನು ಮುಚ್ಚಿಟ್ಟರೆ ನಾನೂ 18 ಡಿಬಿಐ ಬರೆದವನ ಸಾಲಿಗೆ ಸೇರುತ್ತೇನೆ. ರೌಟರಿಗೇ ನೆಟ್ ಬಾರದಿದ್ದರೆ ಯಾವ ಕಡ್ಡಿಯೂ ತಂದುಕೊಡುವುದಿಲ್ಲ. ರೌಟರನ್ನು ಚೆಂದ ಕಾಣುವುದಿಲ್ಲವೆಂದು ಷೋಕೇಸಿನೊಳಗೆ, ಟೀವಿಯ ಹಿಂದೆ, ಬೆಳ್ಳಿ ಲೋಟಗಳ ಸಾಲಿನ ನಡುವೆ ಬಚ್ಚಿಟ್ಟವರು ಮೊದಲು ಅದನ್ನು ಹೊರಗೆ ತರಲಿ. ಮಾತು ಎರಡೂ ಕಡೆಯಿಂದ ಆಗಬೇಕಲ್ಲ. ಇನ್ನು ಕೊನೆಯದಾಗಿ, ಆಂಟೆನಾ ಉಪನ್ಯಾಸಕನ ಬಾಯಲ್ಲಿ ಬರಬಾರದ ಮಾತು. ಮೇಜು ಅಲ್ಲಾಡದ ವಸ್ತು, ಕಂಪ್ಯೂಟರೂ ಅಲ್ಲಾಡುವುದಿಲ್ಲ. ಗೋಡೆಯಲ್ಲಿ ಒಂದು ತೂತು ಕೊರೆದು ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಿದ್ದರೆ ಎಳೆದುಬಿಡಿ. ಅದಕ್ಕಿಂತ ಒಳ್ಳೆಯ ಆಂಟೆನಾ ಇಲ್ಲ. ನಮ್ಮ ಮನೆಯ ಎರಡಡಿ ಗೋಡೆಗೆ ಡ್ರಿಲ್ಲಿನವನು ಹೇಳಿದ ರೇಟು ಕೇಳಿ ನಾನು ಸುಮ್ಮನಾದೆ, ಇಲ್ಲದಿದ್ದರೆ ಈ ಉಪನ್ಯಾಸವೇ ಇರುತ್ತಿರಲಿಲ್ಲ.

ಈಗ ನಮ್ಮ ಒಳಕೋಣೆಯಲ್ಲಿ ಅಯಸ್ಕಾಂತದ ಪೀಠ ಮೇಜಿನ ಮೇಲೂ ಇಲ್ಲ. ಒಂದು ಭಾನುವಾರ ಮಗಳು ಪರದೆಯಲ್ಲಿ ಅಂಕಿ ಓದುತ್ತ ಕೂತಳು, ನಾನು ಪೀಠ ಹಿಡಿದು ಕೋಣೆಯೆಲ್ಲ ಸುತ್ತಿದೆ. ಅರವತ್ತೆರಡು, ಅರವತ್ತು, ಅರವತ್ತೊಂಬತ್ತು, ಐವತ್ತೆಂಟು, ಅಲ್ಲೇ ನಿಲ್ಲಪ್ಪ. ಬಾಗಿಲ ಕಡೆಯ ಪುಸ್ತಕದ ಕಪಾಟಿನ ನೆತ್ತಿ, ನಿಘಂಟುಗಳ ಪಕ್ಕ. ಕಪಾಟು ಮರದ್ದು, ಹಾಗಾಗಿ ಅಯಸ್ಕಾಂತ ಕಚ್ಚುವುದಿಲ್ಲ. ಹೋದ ದೀಪಾವಳಿಗೆ ಧೂಳು ಹೊಡೆದವರು ಅದನ್ನು ಅರ್ಧ ಗೇಣು ಆಚೆ ಸರಿಸಿದ್ದರು. ಸಂಜೆ ಸಿಗ್ನಲ್ ಹೊಂಡಕ್ಕೆ ಬಿದ್ದಿತ್ತು. ಮೇಷ್ಟ್ರು ಮತ್ತೆ ಕಲ್ಲು. ಕಪಾಟಿನ ಹಲಗೆಯ ಮೇಲೆ ಪೀಠದ ಸುತ್ತ ಪೆನ್ಸಿಲಿನಿಂದ ಒಂದು ಗುಂಡು ಗೆರೆ ಎಳೆದಿಟ್ಟಿದ್ದೇನೆ.